ಮುಪ್ಪಿಗೊಂದು ಮಾಯಾಕನ್ನಡಕ

ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ವೈಟ್‌ಫೀಲ್ಡಿನ ಬಹುಮಹಡಿ ಮನೆಗಳಲ್ಲಿ ಒಂದು ಬಗೆಯ ನಿಶ್ಶಬ್ದ ನೆಲಸುತ್ತದೆ. ಮಗ ಸೊಸೆಯರು ಕಚೇರಿಗೂ ಮೊಮ್ಮಕ್ಕಳು ಶಾಲೆಗೂ ತೆರಳಿದ ಮೇಲೆ ಅಲ್ಲಿ ಉಳಿಯುವವರು, ದಾವಣಗೆರೆಯಿಂದಲೋ ಶಿವಮೊಗ್ಗದಿಂದಲೋ ಊರುಬಿಟ್ಟು ಬಂದ ಹಿರಿಯರು. ಊರಿನಲ್ಲಿ ಅವರಿಗೆ ನಡೆಯುವುದಕ್ಕೆ ನೂರು ನೆಪಗಳಿದ್ದುವು: ಹಾಲು ತರುವುದು, ಪೇಟೆಗೆ ಹೋಗಿಬರುವುದು, ಸಂಜೆ ದೇವಸ್ಥಾನದ ಜಗಲಿಯಲ್ಲಿ ಒಂದು ಗಳಿಗೆ ಕೂರುವುದು. ಇಲ್ಲಿ ಹಾಲು ಬಾಗಿಲಿಗೇ ಬರುತ್ತದೆ, ತರಕಾರಿಯೂ ಬರುತ್ತದೆ. ಗೇಟು ದಾಟಿದರೆ ನೀರಿನ ಟ್ಯಾಂಕರುಗಳ ಸಾಲು ಮತ್ತು ಅಲ್ಲಲ್ಲಿ ಮಾಯವಾಗುವ ಕಾಲುದಾರಿ. ದೇಹಕ್ಕೆ ಕೆಲಸ ತಪ್ಪಿತೆಂಬುದನ್ನು ಎಲ್ಲಕ್ಕಿಂತ ಮೊದಲು ಅರಿಯುವುದು ಮೊಣಕಾಲು. ಮನಸ್ಸು ಆಮೇಲೆ ಅರಿಯುತ್ತದೆ. 1882ರಲ್ಲಿ ಡಿ. ಎಸ್. ವೈಟ್ ಎಂಬಾತ ಮೈಸೂರಿನ ಮಹಾರಾಜರಿಂದ ಭೂಮಿ ಪಡೆದು ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಈ ಊರನ್ನು ಕಟ್ಟಿಸಲು ಹೊರಟಾಗ, ಅವರೆಲ್ಲ ಇಲ್ಲಿ ಬೇಸಾಯ ಮಾಡಿ ಬದುಕಲಿ ಎಂಬುದೇ ಉದ್ದೇಶವಾಗಿತ್ತು. ಇಂದು ಅದೇ ನೆಲದ ಮೇಲೆ ಜನ ಕುಳಿತು ಸವೆಯುತ್ತಿದ್ದಾರೆ.

ಇಂಥ ಮನೆಯೊಂದಕ್ಕೆ ಈಗ ಹೊಸ ಉಡುಗೊರೆಯೊಂದು ಬರಬಹುದು. ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಪೆಟ್ಟಿಗೆ, ಎರಡು ಕೈಗಳಿಗೆ ಎರಡು ಹಿಡಿಕೆ. ಮಕ್ಕಳು ಇದನ್ನು ವಿ.ಆರ್. ಹೆಡ್‌ಸೆಟ್ ಎನ್ನುತ್ತಾರೆ, ಪತ್ರಿಕೆಗಳು ಮಿಥ್ಯಾವಾಸ್ತವವೆಂದು ಅನುವಾದಿಸಿವೆ. ‘ಮಿಥ್ಯೆ’ ಎಂಬ ಮಾತು ಕಿವಿಗೆ ಬಿದ್ದೊಡನೆಯೇ ಹಿರಿಯರಿಗೆ ಅರ್ಧ ನಂಬಿಕೆ ಹೋಗುವುದು ಸಹಜ. ಆದರೆ ಇದರ ತತ್ತ್ವ ಹಳೆಯದು. ಎರಡು ಕಣ್ಣುಗಳಿಗೆ ತುಸುವೇ ಬೇರೆಯಾದ ಎರಡು ಚಿತ್ರಗಳನ್ನು ತೋರಿಸಿದರೆ ಮಿದುಳು ಅವನ್ನು ಬೆಸೆದು ಆಳವನ್ನು ಕಾಣುತ್ತದೆಂದು ಚಾರ್ಲ್ಸ್ ವೀಟ್‌ಸ್ಟನ್ ಎಂಬ ಆಂಗ್ಲ ವಿಜ್ಞಾನಿ 1838ರಲ್ಲಿಯೇ ತೋರಿಸಿಕೊಟ್ಟ. ಬಾಲ್ಯದಲ್ಲಿ ವ್ಯೂ ಮಾಸ್ಟರಿನೊಳಗೆ ತಾಜಮಹಲನ್ನು ಇಣುಕಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆ ತಿರುಗಿಸಿದಂತೆ ಚಿತ್ರವೂ ತಿರುಗುವ ಯಂತ್ರವನ್ನು ಅಮೆರಿಕದ ಐವನ್ ಸದರ್‌ಲೆಂಡ್ 1968ರಲ್ಲಿ ನಿರ್ಮಿಸಿದಾಗ, ಅದರ ಭಾರಕ್ಕೆ ಅದನ್ನು ಚಾವಣಿಯಿಂದ ತೂಗುಹಾಕಬೇಕಾಯಿತಂತೆ. ಈಗ ಅದು ಸುಮಾರು ಅರ್ಧ ಕಿಲೋ ತೂಗುತ್ತದೆ. 2019ರಲ್ಲಿ ಬಂದ ‘ಕ್ವೆಸ್ಟ್’ ಎಂಬ ಮಾದರಿಯಿಂದೀಚೆಗೆ ಬೇರೆ ಗಣಕಯಂತ್ರದ ಹಂಗಾಗಲಿ ತಂತಿಯ ತೊಡಕಾಗಲಿ ಇಲ್ಲದೆ ಇದನ್ನು ಬಳಸಬಹುದಾಗಿದೆ.

ಅರ್ಧ ಕಿಲೋವಾದರೂ ಮುಖದ ಮೇಲೆ ಕುಳಿತಾಗ ಅದು ಭಾರವೇ. ಕಟ್ಟುವ ಪಟ್ಟಿ ತಲೆಯ ಹಿಂದೆ ಸರಿಯಾಗಿ ತುರುಬಿನ ಮೇಲೆ ಬರುತ್ತದೆ. ಹಣೆಯ ಕುಂಕುಮ ಅಳಿಸುತ್ತದೆ. ಇದನ್ನು ರೂಪಿಸಿದವರು ನಮ್ಮ ಅಜ್ಜಿಯರ ತಲೆಯ ಅಳತೆ ತೆಗೆದುಕೊಂಡವರಲ್ಲ. ಆದರೆ ಕಣ್ಣಿನ ವಿಷಯದಲ್ಲಿ ಒಂದು ಅನುಕೂಲವುಂಟು. ಒಳಗಿನ ಮಸೂರಗಳು ಚಿತ್ರವನ್ನು ಸಾಮಾನ್ಯವಾಗಿ ಒಂದು ಮೀಟರಿಗಿಂತ ಹೆಚ್ಚು ದೂರದಲ್ಲಿ ನಿಲ್ಲಿಸುವುದರಿಂದ, ಪತ್ರಿಕೆ ಓದಲು ಚಾಳೀಸು ಬೇಕಾದವರಿಗೂ ಇಲ್ಲಿ ಅದರ ಅಗತ್ಯ ಬೀಳುವುದು ಕಡಮೆ.

ಇದನ್ನು ಕಟ್ಟಿಕೊಂಡು ಮಾಡುವುದಾದರೂ ಏನು? ಪ್ರಾಗ್ ನಗರದ ಚಿಕ್ಕ ತಂಡವೊಂದು 2018ರಲ್ಲಿ ಹೊರತಂದ ‘ಬೀಟ್ ಸೇಬರ್’ ಎಂಬ ಆಟವನ್ನು ತೆಗೆದುಕೊಳ್ಳಬಹುದು. ಹಾಡು ನಡೆಯುತ್ತಿರುತ್ತದೆ, ತಾಳಕ್ಕೆ ಸರಿಯಾಗಿ ಬಣ್ಣದ ಘನಗಳು ಎದುರಿನಿಂದ ತೇಲಿಬರುತ್ತವೆ, ಎರಡು ಕೈಗಳಲ್ಲಿರುವ ಬೆಳಕಿನ ಕೋಲುಗಳಿಂದ ಅವನ್ನು ಹೊಡೆಯಬೇಕು. ಇದು ಕೋಲಾಟವಲ್ಲದೆ ಮತ್ತೇನು? ಎಳೆತನದಲ್ಲಿ ಜಡೆಕೋಲಾಟ ಆಡಿದ ಮುದುಕಿಗೆ ಇದು ಕೈವಶವಾಗಲು ಬಹಳ ಕಾಲ ಬೇಕಾಗದು. ಸಾಫ್ಟ್‌ವೇರ್ ಮಗ ತಾಳ ತಪ್ಪಿದರೂ ತಪ್ಪಿಯಾನು. ಹೊರಗಿನಿಂದ ನೋಡುವವರಿಗೆ ಮಾತ್ರ ಇದು ಮೈಮೇಲೆ ದೇವರು ಬಂದಂತೆ ತೋರುತ್ತದೆ. ಸೊಸೆಯ ಮುಂದೆ ಗಾಳಿಗೆ ಕೈ ಬೀಸುವ ಸಂಕೋಚವೇ ಎಷ್ಟೋ ಮಾವಂದಿರನ್ನು ಹಿಂದೆಗೆಯುವಂತೆ ಮಾಡೀತು.

ಅರವತ್ತೈದು ದಾಟಿದವರೂ ವಾರಕ್ಕೆ 150ರಿಂದ 300 ನಿಮಿಷಗಳ ಹದವಾದ ವ್ಯಾಯಾಮ ಮಾಡಬೇಕು, ಸಮತೋಲನವನ್ನೂ ಬಲವನ್ನೂ ಬೆಳೆಸುವ ಅಭ್ಯಾಸವನ್ನು ವಾರದಲ್ಲಿ ಮೂರು ದಿನವಾದರೂ ಇಟ್ಟುಕೊಳ್ಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ಈ ಲೆಕ್ಕಕ್ಕೆ ಮಾಯಾಕನ್ನಡಕದ ಕೊಡುಗೆ ಎಷ್ಟು? ಪಾರ್ಶ್ವವಾಯುವಿಗೆ ತುತ್ತಾದವರ ಚಿಕಿತ್ಸೆಯಲ್ಲಿ ಇದನ್ನು ಬಳಸಿದ 72 ಪ್ರಯೋಗಗಳನ್ನು, 2470 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2017ರಲ್ಲಿ ಪರಾಮರ್ಶೆಯೊಂದನ್ನು ಪ್ರಕಟಿಸಿತು. ಕೈತೋಳುಗಳ ಚಲನೆ ಸುಧಾರಿಸುವುದರಲ್ಲಿ ಇದು ಎಂದಿನ ಚಿಕಿತ್ಸೆಗಿಂತ ಮೇಲೇನೂ ಅಲ್ಲ. ಎಂದಿನ ಚಿಕಿತ್ಸೆಯ ಜೊತೆಗೆ ಸೇರಿಸಿ ಅಭ್ಯಾಸದ ಹೊತ್ತನ್ನು ಹೆಚ್ಚಿಸಿದಾಗ ಉಪಯೋಗ ಉಂಟಾಗಬಹುದು ಎಂಬುದು ಅದರ ತಾತ್ಪರ್ಯ. ರೋಗಿಗಳ ವಿಷಯದಲ್ಲಿ ಹೇಳಿದ ಈ ಮಾತು ಮನೆಯ ಹಿರಿಯರಿಗೂ ಸಲ್ಲುವಂತೆ ತೋರುತ್ತದೆ. ಯಂತ್ರದೊಳಗೆ ಮದ್ದಿಲ್ಲ. ಐದು ನಿಮಿಷಕ್ಕೆ ಬೇಸತ್ತು ಕೈಬಿಡುವ ವ್ಯಾಯಾಮವನ್ನು ಇಪ್ಪತ್ತು ನಿಮಿಷ ಮಾಡಿಸುವ ಆಸೆ ಹುಟ್ಟಿಸುತ್ತದೆ, ಅಷ್ಟೆ. ಮುಪ್ಪಿನಲ್ಲಿ ಅದೇನು ಸಣ್ಣ ಉಪಕಾರವಲ್ಲ. ಆದರೆ ಬೀಸುವುದು ತೋಳು. ಕಾಲಿನ ಬಲಕ್ಕೆ ನಡಿಗೆಯೇ ಗತಿ.

ಹೊರಗಿನ ಸಾಧನದ ಆಸರೆಯಿಂದ ದೇಹವನ್ನು ದುಡಿಸುವುದು ಈ ಸೀಮೆಗೆ ಹೊಸತಲ್ಲ. ವೈಟ್‌ಫೀಲ್ಡಿನಿಂದ ಹೊಸಕೋಟೆಯ ಹಾದಿ ಹಿಡಿದು ಕೋಲಾರದ ಕಡೆಗೆ ಸಾಗಿದರೆ ನರಸಾಪುರದ ಬಳಿ ಬೆಳ್ಳೂರು ಸಿಕ್ಕುತ್ತದೆ. ಬಿ. ಕೆ. ಎಸ್. ಅಯ್ಯಂಗಾರರು 1918ರಲ್ಲಿ ಹುಟ್ಟಿದ್ದು ಅಲ್ಲಿ. ಬಾಲ್ಯದಲ್ಲಿ ಕ್ಷಯ, ಮಲೇರಿಯಾಗಳಿಂದ ಬಳಲಿದ ಆ ದೇಹ ತೊಂಬತ್ತು ದಾಟಿದ ಮೇಲೂ ಯೋಗಾಭ್ಯಾಸ ಬಿಡಲಿಲ್ಲ. ಅವರು ತೀರಿಕೊಂಡದ್ದು 2014ರಲ್ಲಿ. ವಯಸ್ಸಾದವರೂ ರೋಗಿಗಳೂ ಆಸನದ ಫಲ ಪಡೆಯಲೆಂದು ಹಗ್ಗ, ಮರದ ದಿಮ್ಮಿ, ಪಟ್ಟಿ, ಕುರ್ಚಿಗಳನ್ನು ಅವರು ಬಳಕೆಗೆ ತಂದರು. ಕುರ್ಚಿ ಹಿಡಿದು ಮಾಡಿದರೆ ಅದೂ ಯೋಗವೇ ಎಂದು ಮೂಗು ಮುರಿದವರು ಆಗಲೂ ಇದ್ದಿರಬೇಕು. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಕುರ್ಚಿ ಬೀಳದಂತೆ ಹಿಡಿಯುತ್ತದೆ, ಮಾಯಾಕನ್ನಡಕವಾದರೋ ನಿಂತ ನೆಲವನ್ನೇ ಕಣ್ಣಿನಿಂದ ಮರೆಮಾಡುತ್ತದೆ.

ಅಪಾಯವಿರುವುದು ಇಲ್ಲಿಯೇ. ಎಪ್ಪತ್ತರ ವಯಸ್ಸಿನಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ, ವ್ಯಾಯಾಮದಿಂದ ಗಳಿಸಿದ್ದೆಲ್ಲ ಒಂದೇ ಗಳಿಗೆಯಲ್ಲಿ ಹೋದಂತೆ. ಯಂತ್ರ ತಾನೇ ಸುತ್ತಲೂ ಒಂದು ಗೆರೆ ಎಳೆದು, ಗೆರೆಯ ಹತ್ತಿರ ಬಂದಾಗ ಎಚ್ಚರಿಸುವುದೇನೋ ನಿಜ. ಆದರೆ ನಡುವೆ ಬಂದು ಮಲಗಿದ ಬೆಕ್ಕನ್ನೋ ಮಗು ಬಿಟ್ಟುಹೋದ ಚೆಂಡನ್ನೋ ಆ ಗೆರೆ ಅರಿಯದು. ಬರಿಗಾಲಿನಲ್ಲಿ ಒಂದು ಚಿಕ್ಕ ಚಾಪೆಯ ಮೇಲೆ ನಿಂತರೆ, ಅಂಚು ತಗುಲಿದೊಡನೆ ತಾನೆಲ್ಲಿದ್ದೇನೆಂದು ಪಾದವೇ ತಿಳಿಸುತ್ತದೆ. ಮೊದಮೊದಲು ಕುಳಿತು ಆಡುವುದು, ಹತ್ತು ನಿಮಿಷಕ್ಕೆ ನಿಲ್ಲಿಸುವುದು ಲೇಸು. ಕಣ್ಣು ‘ಚಲಿಸುತ್ತಿದ್ದೇನೆ’ ಎಂದು, ಒಳಗಿವಿ ‘ಇಲ್ಲ, ನಿಂತಿದ್ದೇನೆ’ ಎಂದು ಬೇರೆಬೇರೆ ಸಾಕ್ಷಿ ನುಡಿದಾಗ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಆಡುವವರು ನಿಂತಲ್ಲೇ ನಿಂತು ವಸ್ತುಗಳು ಎದುರು ಬರುವ ಆಟ ಒಳ್ಳೆಯದು. ಕೂತವರನ್ನು ಬೆಟ್ಟದಿಂದ ಇಳಿಸುವ ಆಟ ಬೇಡ. ತಲೆಸುತ್ತು, ಮೂರ್ಛೆರೋಗ ಇದ್ದವರೂ ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡವರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಮಗ್ಗುಲಲ್ಲಿ ಒಬ್ಬರಿರಬೇಕು. ಒಳಗೆ ಕಾಣುವುದನ್ನೆಲ್ಲ ಮನೆಯ ಟೆಲಿವಿಷನ್ನಿನಲ್ಲಿಯೂ ತೋರುವಂತೆ ಮಾಡಬಹುದು. ಆಗ ಆಡುವವರು ಒಬ್ಬರಾದರೂ ನೋಡುವವರು ನಾಲ್ವರಾಗುತ್ತಾರೆ, ಬೀಳುವವರನ್ನು ಹಿಡಿಯಲು ಎರಡು ಕೈಯೂ ಹತ್ತಿರವಿರುತ್ತವೆ. ಪೆಟ್ಟಿಗೆಯನ್ನು ತಂದೆಯ ಕಣ್ಣಿಗೆ ಕಟ್ಟಿ ಮಗ ಮೀಟಿಂಗಿಗೆ ಕುಳಿತನೆಂದರೆ, ಅದು ಉಡುಗೊರೆಯಲ್ಲ. ‘ನನ್ನನ್ನು ಮಾತಾಡಿಸಬೇಡಿ’ ಎಂಬುದರ ನಯವಾದ ರೂಪ.

ಹಿರಿಯರು ಯಂತ್ರಕ್ಕೆ ಅಂಜುತ್ತಾರೆಂಬುದು ಪೂರ್ತಿ ನಿಜವಲ್ಲ. 1976ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡಾಗ ಅಲ್ಲಿಗೆ ಕೆಲಸಕ್ಕೆ ಬಂದ ಯುವಕರು ಈಗ ನಿವೃತ್ತರು. ಪೀಣ್ಯದವರ ಕಥೆಯಂತೂ ಇನ್ನೂ ಹಿಂದಿನದು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಹುಟ್ಟಿ ಯಂತ್ರವಿದ್ಯೆ ಈ ಕಡೆ ಬೇರೂರಿದ ಮೇಲೆ, ಎಪ್ಪತ್ತರ ದಶಕದಿಂದ ಪೀಣ್ಯದ ಚಿಕ್ಕ ಚಿಕ್ಕ ಶೆಡ್ಡುಗಳಲ್ಲಿ ಸಾವಿರಾರು ಕೈಗಳು ಲೇತಿನ ಮುಂದೆ ನಿಂತು ಪಳಗಿದುವು. ಕೂದಲೆಳೆಯ ದಪ್ಪದ ವ್ಯತ್ಯಾಸವನ್ನು ಬೆರಳ ತುದಿಯಲ್ಲೇ ಅರಿಯುವ ಕೈಗಳು ಅವು. ಅರವತ್ತಕ್ಕೆ ಅವು ಮನೆಗೆ ಬಂದು ಟಿ.ವಿ. ರಿಮೋಟು ಹಿಡಿಯುತ್ತವೆ. ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಬರೆದುಕೊಂಡಿಲ್ಲ.

ವ್ಯಾಯಾಮಕ್ಕಿಂತ ಹೆಚ್ಚಾಗಿ ಮಾಯಾಕನ್ನಡಕಕ್ಕೊಂದು ಬೆಲೆ ಬರುವುದಾದರೆ ಈ ಕೈಗಳಿಗೆ ಮತ್ತೆ ಕೆಲಸ ಕೊಡುವುದರಿಂದ. ಗೂಗಲ್ 2016ರಲ್ಲಿ ಹೊರತಂದ ‘ಟಿಲ್ಟ್ ಬ್ರಷ್’ನಲ್ಲಿ ಗಾಳಿಯಲ್ಲಿಯೇ ಗೆರೆ ಎಳೆಯಬಹುದು, ಎಳೆದ ಗೆರೆಯ ಸುತ್ತ ನಡೆದು ಹಿಂಬದಿಯನ್ನೂ ನೋಡಬಹುದು. 2021ರಲ್ಲಿ ಗೂಗಲ್ ಅದರ ಹಂಗನ್ನು ಬಿಟ್ಟು ಎಲ್ಲರಿಗೂ ತೆರೆದಿಟ್ಟಾಗ, ಅದರಿಂದ ‘ಓಪನ್ ಬ್ರಷ್’ ಹುಟ್ಟಿತು. ನೆಲಕ್ಕೆ ಕೂರಲಾರದೆ ರಂಗವಲ್ಲಿಯನ್ನೇ ಬಿಟ್ಟ ತಾಯಿ ಇಲ್ಲಿ ನಿಂತುಕೊಂಡೇ ಚುಕ್ಕಿಯಿಟ್ಟು ಎಳೆ ಬಳಸಬಹುದು. ತಪ್ಪಿದರೆ ಒಂದು ಗುಂಡಿ ಒತ್ತಿ ಅಳಿಸಬಹುದು. ಬೆರಳ ಸಂದಿನಿಂದ ಪುಡಿ ಸುರಿಯುವ ಸುಖ ಅಲ್ಲಿಲ್ಲ; ಬೆಳಗಿನ ನೀರು ಚಿಮುಕಿಸಿದ ನೆಲದ ವಾಸನೆಯೂ ಇಲ್ಲ. ಇಲ್ಲದ್ದನ್ನು ಇದೆಯೆಂದು ಹೇಳುವುದು ಬೇಡ. ಆದರೆ ಎಳೆಯ ತಿರುವುಗಳು ಕೈಗೆ ಇನ್ನೂ ನೆನಪಿವೆಯೆಂಬುದು ಆಕೆಗೆ ಗೊತ್ತಾಗುತ್ತದೆ.

ಪೀಣ್ಯದ ಟರ್ನರಿಗೆ ಗೆರೆಗಿಂತ ಗಟ್ಟಿ ವಸ್ತು ಹಿತವಾದೀತು. ‘ಮೀಡಿಯಮ್’ ಎಂಬ ಇನ್ನೊಂದು ಸಾಧನದಲ್ಲಿ ಜೇಡಿಮಣ್ಣಿನಂತೆ ಆಕಾರವನ್ನು ಕೂಡಿಸಬಹುದು, ಕೊರೆಯಬಹುದು, ನಯಗೊಳಿಸಬಹುದು. ಇಲ್ಲಿ ಒತ್ತಡ ಬೇಡವಾದ್ದರಿಂದ ಸಂಧಿವಾತದ ಬೆರಳೂ ದುಡಿದೀತು. ಕೈನಡುಕ ಮಾತ್ರ ಮುಚ್ಚಿಡಲಾಗದೆ ಗೆರೆಯಲ್ಲಿ ಕಂಡೇ ಕಾಣುತ್ತದೆ. ಮೊಮ್ಮಗಳಿಗೆಂದು ಅಲ್ಲಿ ಒಂದು ಬುಗುರಿಯನ್ನು ರೂಪಿಸಿದರೆ, ಅದನ್ನು ಕಡತವಾಗಿ ಹೊರತೆಗೆದು, ಪದರಪದರವಾಗಿ ಅಚ್ಚುಹಾಕುವ ತ್ರೀಡಿ ಮುದ್ರಣದ ಅಂಗಡಿಗೆ ಕಳುಹಿಸಬಹುದು. ಅಂಥ ಅಂಗಡಿ ಈಗ ಪೀಣ್ಯದಲ್ಲಿಯೂ ಸಿಕ್ಕುತ್ತದೆ. ಅಚ್ಚಾಗಿ ಬಂದ ಬುಗುರಿಯ ಮೊಳೆ ನಡುವಿಗೆ ಸರಿಯಾಗಿ ಕುಳಿತಿದೆಯೇ ಇಲ್ಲವೇ ಎಂದು ಆತ ಅದನ್ನು ಮೊದಲು ಬೆರಳಲ್ಲಿ ತಿರುಗಿಸಿ ನೋಡಿಯಾನು; ಮೊಮ್ಮಗಳ ಕೈಗೆ ಕೊಡುವುದು ಆಮೇಲೆ.