ಹಾಡನ್ನೇ ಪರೀಕ್ಷೆಗೆ ಕೂರಿಸುವ ಸ್ಪೀಕರುಗಳು

ಮೈಸೂರಿನ ನಮ್ಮ ಸೋದರಮಾವನ ಮನೆಗೆ ಈಗ ಯಾರೇ ಹೋಗಲಿ, ಕಾಫಿಗೆ ಮೊದಲು ಒಂದು ಇಂಗ್ಲಿಷ್ ಹಾಡು ಕೇಳಲೇಬೇಕು. ಒಬ್ಬಾಕೆ ಪಿಸುದನಿಯಲ್ಲಿ ಹಾಡುತ್ತಾಳೆ, ಅವಳ ಹಿಂದೆ ಡಬಲ್ ಬೇಸ್ ದುಂ ದುಂ ಅನ್ನುತ್ತದೆ. ಎರಡನೇ ನಿಮಿಷಕ್ಕೆ ಸರಿಯಾಗಿ ಮಾವ ಕೈಯೆತ್ತಿ, "ಈಗ... ಈಗ ನೋಡಿ... ಬೆರಳು ತಂತಿ ಮೇಲೆ ಜಾರಿದ್ದು ಕೇಳಿಸ್ತಾ?" ಎಂದು ಕೇಳುತ್ತಾರೆ. ಬಂದವರು ಕೇಳಿಸಿತು ಅನ್ನುತ್ತಾರೆ. ಆಮೇಲೆ ಕಾಫಿ ಬರುತ್ತದೆ.

ಆ ಹಾಡಿನ ಒಂದು ಪದವೂ ಮಾವನಿಗೆ ಅರ್ಥವಾಗುವುದಿಲ್ಲ. ಅರ್ಥವಾಗಬೇಕೆಂಬ ಆಸೆಯೂ ಅವರಿಗಿಲ್ಲ. ಬ್ಯಾಂಕಿನ ನೌಕರಿಯಲ್ಲಿ ಹುಬ್ಬಳ್ಳಿಗೆ ವರ್ಗವಾಗಿದ್ದ ಎಂಟು ವರ್ಷ ಅವರು ಆಕಾಶವಾಣಿ ಧಾರವಾಡದಿಂದಲೂ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಿಂದಲೂ ಟೇಪು ಮಾಡಿಕೊಂಡ ಕ್ಯಾಸೆಟ್ಟುಗಳು ಒಂದು ಟ್ರಂಕು ತುಂಬ ಇವೆ. ಮನ್ಸೂರರು, ಗಂಗೂಬಾಯಿ, ಬಸವರಾಜ ರಾಜಗುರು. ಹಾಡಿನ ಹಿಂದೆ ಮುಂದೆ ಉದ್ಘೋಷಕರ ದನಿ. ಸ್ಪೀಕರುಗಳು ಬಂದು ಎಂಟು ತಿಂಗಳಾಯಿತು. ಆ ಟ್ರಂಕನ್ನು ಅವರು ತೆರೆದಿಲ್ಲ. ಕೇಳಿದರೆ, "ಅವೆಲ್ಲ ಇದರಲ್ಲಿ ಚೆನ್ನಾಗಿ ಬರಲ್ಲ ಕಣೇ. ರೆಕಾರ್ಡಿಂಗೇ ಸರಿಯಿಲ್ಲ" ಅನ್ನುತ್ತಾರೆ.

ಈ ಮಾತನ್ನು ನಾನು ಕ್ಷಮಿಸಲಾರೆ. ಮಾವನನ್ನಲ್ಲ, ಮಾತನ್ನು. ಏಕೆಂದರೆ ಇದು ಅವರ ಮಾತೇ ಅಲ್ಲ, ಅಂಗಡಿಯವನದು. ಮತ್ತು ಅದನ್ನು ಅವನು ಹೇಳಿದಾಗ ಪಕ್ಕದಲ್ಲೇ ಕೂತು ತಲೆಯಾಡಿಸಿದವಳು ನಾನು.

ನಾನು ಗ್ರಾಮಫೋನ್ ಕಾಲದ ಗಾಯನದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ದಿನವಿಡೀ ಸವೆದ ತಟ್ಟೆಗಳ ಕರಕರ ಸದ್ದಿನ ನಡುವೆ ದನಿ ಹುಡುಕುವುದು ನನ್ನ ಕೆಲಸ. ಹಾಗಾಗಿ ಮನೆಯವರ ಲೆಕ್ಕದಲ್ಲಿ ನಾನು 'ಸೌಂಡ್ ಗೊತ್ತಿರೋಳು'. ನಿವೃತ್ತಿಯ ಹಣದಲ್ಲಿ ಮನೆಯ ಹಾಲನ್ನೇ ಸಂಗೀತದ ಕೋಣೆ ಮಾಡಿಕೊಳ್ಳಬೇಕೆಂದು ಮಾವ ಹೊರಟಾಗ ಬೆಂಗಳೂರಿನ ಅಂಗಡಿಗೆ ಜೊತೆಗೆ ಹೋದೆ. ಅವರು ಕೊಂಡ ಜೋಡಿಯ ಬೆಲೆ ನನ್ನ ಒಂದು ವರ್ಷದ ಫೆಲೋಶಿಪ್ಪಿಗಿಂತ ತುಸು ಹೆಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಕಿಚ್ಚಿಗೆ ಬರೆದಳು ಅನ್ನುವವರಿಗೆ ಅನುಕೂಲವಾಗಲಿ.

ಅಂಗಡಿಯ ಕೋಣೆಗೆ ದಪ್ಪ ಕಾರ್ಪೆಟ್ಟು, ಗೋಡೆಗೆಲ್ಲ ಮೆತ್ತೆ, ಮಂದ ಬೆಳಕು. ಹುಡುಗ ಹಾಕಿದ್ದು ಅದೇ ಪಿಸುದನಿಯ ಹಾಡು. ಮೊದಲು ಒಂದು ಜೋಡಿ, ಆಮೇಲೆ ಅದಕ್ಕಿಂತ ದುಬಾರಿಯದು. ಎರಡನೆಯದು ತುಸು ಜೋರಾಗಿತ್ತೆಂಬುದು ಆಗ ನನಗೆ ಹೊಳೆಯಲಿಲ್ಲ. ಒಂದೇ ಹಾಡನ್ನು ಎರಡು ಸಲ ಕೇಳಿಸಿದಾಗ, ಒಂದೋ ಎರಡೋ ಡೆಸಿಬೆಲ್ ಜೋರಾಗಿರುವುದು ನಮಗೆ 'ಜೋರು' ಅನ್ನಿಸುವುದಿಲ್ಲ, 'ಚೆನ್ನ' ಅನ್ನಿಸುತ್ತದೆ. ದನಿ ಏರಿದಂತೆ ತಗ್ಗಿನ ಸ್ವರಗಳು ಕಿವಿಗೆ ಇನ್ನಷ್ಟು ತುಂಬಿಕೊಂಡು ಕೇಳುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಅಂಗಡಿಯವರಿಗೆ ಅವರ ಹೆಸರು ಗೊತ್ತಿರಬೇಕಿಲ್ಲ, ವಾಲ್ಯೂಮ್ ಗುಂಡಿ ಗೊತ್ತಿದ್ದರೆ ಸಾಕು.

ಮಾವ ಜೇಬಿನಿಂದ ಪೆನ್‌ಡ್ರೈವ್ ತೆಗೆದರು. ಕ್ಯಾಸೆಟ್ಟಿನಿಂದ ನಾನೇ ಇಳಿಸಿಕೊಟ್ಟಿದ್ದ ಮನ್ಸೂರರ ಅರ್ಧ ಗಂಟೆಯ ಗಾಯನ. ಹುಡುಗ ಹಾಕಿದ. ಸೊಂಯ್ ಎಂಬ ಸದ್ದು ಕೋಣೆ ತುಂಬಿತು. ಅದರ ಹಿಂದೆಲ್ಲೋ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ದನಿ. ಹುಡುಗ ಮರುಕದಿಂದ ನಕ್ಕು, "ಸಾರ್, ಇದು ತುಂಬ ರಿವೀಲಿಂಗ್ ಸ್ಪೀಕರ್. ರೆಕಾರ್ಡಿಂಗಲ್ಲಿ ತಪ್ಪಿದ್ರೆ ತೋರಿಸ್ಬಿಡತ್ತೆ" ಅಂದ. ಮಾವ ನನ್ನ ಮುಖ ನೋಡಿದರು. "ಹೌದು ಮಾವ, ಹಳೇ ಟೇಪಲ್ವಾ, ತಗೊಳ್ಳಿ" ಅಂದೆ.

'ರಿವೀಲಿಂಗ್.' ಇದ್ದದ್ದನ್ನು ಇದ್ದ ಹಾಗೆ ಬಿಚ್ಚಿ ತೋರಿಸುವುದು ಎಂದರ್ಥ. ಈ ಒಂದು ಪದದಿಂದ ಅಂಗಡಿಯವರು ಸ್ಪೀಕರನ್ನು ಯಾವ ಪರೀಕ್ಷೆಗೂ ಸಿಗದ ಎತ್ತರಕ್ಕೆ ಏರಿಸಿಬಿಟ್ಟಿದ್ದಾರೆ. ಹಾಡು ಚೆನ್ನಾಗಿ ಕೇಳಿದರೆ ಅದು ಸ್ಪೀಕರಿನ ಹಿರಿಮೆ, ಕೆಟ್ಟದಾಗಿ ಕೇಳಿದರೆ ಹಾಡಿನ ದೋಷ. ಪರೀಕ್ಷೆಗೆ ಕೂತದ್ದು ಮನ್ಸೂರರು, ಅಂಕ ಕೊಟ್ಟದ್ದು ಪೆಟ್ಟಿಗೆ.

ಆಮೇಲೆ ಭೌತಶಾಸ್ತ್ರ ವಿಭಾಗದ ಗೆಳತಿಯಿಂದ ಅಳತೆಯ ಮೈಕೊಂದನ್ನು ಎರವಲು ತಂದು ಮಾವನ ಸ್ಪೀಕರನ್ನು ಅಳೆದೆ. ಸುಮಾರು 7,000 ಹರ್ಟ್ಜ್‌ನಿಂದ ಮೇಲಕ್ಕೆ ಗೆರೆ 4 ಡೆಸಿಬೆಲ್ ಎದ್ದು ನಿಂತಿತ್ತು. ಅಂದರೆ ಆ ಪೆಟ್ಟಿಗೆ ಇದ್ದದ್ದನ್ನು ತೋರಿಸುತ್ತಿರಲಿಲ್ಲ, ಇದ್ದದ್ದಕ್ಕೆ ಉಪ್ಪುಕಾರ ಸೇರಿಸುತ್ತಿತ್ತು. ಪಿಸುದನಿಯ ಹಾಡಿನಲ್ಲಿ ಆ ಉಪ್ಪುಕಾರ ಬೆರಳು ಜಾರುವ ಸದ್ದಾಗಿ, ಉಸಿರಾಗಿ ರುಚಿಸುತ್ತದೆ. ಮಾವನ ಕ್ಯಾಸೆಟ್ಟಿನಲ್ಲಿ? ಮಧ್ಯಮ ತರಂಗದ ರೇಡಿಯೋದಲ್ಲಿ 5,000 ಹರ್ಟ್ಜ್ ದಾಟಿದ ಮೇಲೆ ಸಂಗೀತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಲ್ಲಿಂದಾಚೆ ಇರುವುದು ಟೇಪಿನ ಸೊಂಯ್ ಮಾತ್ರ. ಸ್ಪೀಕರು ಎತ್ತಿ ಹಿಡಿದದ್ದು ಅದನ್ನೇ. ಮನ್ಸೂರರ ಒಂದು ಸ್ವರವೂ ಅದರಿಂದ ಹೆಚ್ಚು ಸ್ಪಷ್ಟವಾಗಲಿಲ್ಲ. ತಪ್ಪು ರೆಕಾರ್ಡಿಂಗಿನದಲ್ಲ. ಅಂಗಡಿಯಲ್ಲೇ ಇದು ನನಗೆ ತಿಳಿಯಬೇಕಿತ್ತು. ತಿಳಿಯದೇ ಹೋದದ್ದಕ್ಕೆ ಕಾರಣ ಆ ಪೆಟ್ಟಿಗೆಯ ಮೆರುಗು, ಅದರ ಬೆಲೆಚೀಟಿ.

ಇದು ನನ್ನೊಬ್ಬಳ ಮರುಳಲ್ಲ ಎಂಬುದಷ್ಟೇ ಸಮಾಧಾನ. ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ವರ್ಷಗಟ್ಟಲೆ ಜನರನ್ನು ಪರದೆಯ ಈಚೆ ಕೂರಿಸಿ ಸ್ಪೀಕರ್ ಕೇಳಿಸಿದ. ಆಮೇಲೆ ಹರ್ಮನ್ ಕಂಪನಿಗೆ ಹೋಗಿ, ಶಾನ್ ಆಲಿವ್ ಜೊತೆ ಸೇರಿ 1994ರಲ್ಲಿ ಒಂದು ಪ್ರಬಂಧ ಮಂಡಿಸಿದ. ಅದೇ ಸ್ಪೀಕರುಗಳು, ಅದೇ ಕೇಳುಗರು. ಒಮ್ಮೆ ಕಾಣದಂತೆ, ಒಮ್ಮೆ ಕಾಣುವಂತೆ. ಕಣ್ಣಿಗೆ ಬಿದ್ದ ಕೂಡಲೇ ದೊಡ್ಡ, ದುಬಾರಿ ಪೆಟ್ಟಿಗೆಗಳ ಅಂಕ ಏರಿತು, ಚಿಕ್ಕ ಅಗ್ಗದ ಸೆಟ್ಟಿನದು ಇಳಿಯಿತು. ಕೇಳಿದವರು ದಾರಿಹೋಕರಲ್ಲ, ಅದೇ ಸ್ಪೀಕರ್ ಕಂಪನಿಯ ನೌಕರರು! ಪರದೆ ಇದ್ದಾಗ ಮಾತ್ರ ಜನರ ಅಭಿರುಚಿ ಅಚ್ಚರಿಯಷ್ಟು ಒಂದೇ ಆಗಿರುತ್ತದೆ ಎಂಬುದು ಟೂಲ್ ಕಂಡುಕೊಂಡ ದೊಡ್ಡ ಸಂಗತಿ. ಯಾವ ಸ್ವರವನ್ನೂ ಎತ್ತದೆ, ಇಳಿಸದೆ ಮುಂದಕ್ಕೂ ಪಕ್ಕಕ್ಕೂ ಸಮವಾಗಿ ದನಿ ಚೆಲ್ಲುವ ಸ್ಪೀಕರನ್ನೇ ಹೆಚ್ಚಿನವರು ಆರಿಸುತ್ತಾರೆ. 'ನನ್ನ ಕಿವಿ ನನ್ನದು, ನಿನ್ನ ಕಿವಿ ನಿನ್ನದು' ಎಂಬ ವೇದಾಂತ ಅಂಗಡಿಯವರಿಗೆ ಲಾಭದ್ದು, ಅಷ್ಟೇ. ಲಕ್ಷಗಟ್ಟಲೆ ಬೆಲೆಯ ವಸ್ತುವಿಗೆ ಅಳತೆಯ ಗ್ರಾಫ್ ಕೊಡಿ ಎಂದು ಕೇಳಲು ನಮಗೇಕೆ ಸಂಕೋಚ? ಫ್ರಿಜ್ಜಿಗೆ ನಕ್ಷತ್ರ ಎಣಿಸುವವರು ನಾವು.

ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರೊಂದನ್ನು ಮಾಡಿದರು. ಒಂದಡಿ ಎತ್ತರದ ಪೆಟ್ಟಿಗೆ, ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೆಲಸ ಮಾಡುವವರಿಗಾಗಿ. ತಗ್ಗಿನ ದನಿ ಅದಕ್ಕೆ ಅಷ್ಟಕ್ಕಷ್ಟೆ. ಆದರೆ ಎದುರಿಗೆ ನಿಂತು ಮಾತಾಡುವ ಮನುಷ್ಯನ ದನಿಯನ್ನೂ ಸ್ಪೀಕರಿನಿಂದ ಬರುವ ಅದೇ ದನಿಯನ್ನೂ ಹೋಲಿಸಿ ನೋಡುವುದು ಆ ಸಂಸ್ಥೆಯ ಪದ್ಧತಿಯಾಗಿತ್ತು. ಮನುಷ್ಯನ ದನಿ ತಪ್ಪಿದರೆ ಉಳಿದದ್ದು ಸರಿಯಿದ್ದು ಪ್ರಯೋಜನವಿಲ್ಲ ಎಂಬ ಈ ನಿಲುವು, ಹಾಡುವವರನ್ನೇ ನಡುವೆ ಕೂರಿಸುವ ನಮ್ಮ ಸಂಗೀತಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ಅಂಗಡಿಗಳಲ್ಲಿ ಮಾತ್ರ ಇನ್ನೂ ಡಬಲ್ ಬೇಸ್.

ಈ ಮಾತು ತಗ್ಗಿನ ದನಿಗೆ ಬಂತು, ಆದ್ದರಿಂದ ಕೋಣೆಗೆ ಬರಬೇಕು. ಮಾವನ ಹಾಲು 17 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ವಿಟ್ರಿಫೈಡ್ ಟೈಲ್ಸು, ಎರಡು ಕಡೆ ಗಾಜಿನ ಕಿಟಕಿ, ಒಂದು ಸೋಫಾ. ಎದುರು ಬದುರು ಗೋಡೆಗಳ ನಡುವೆ ದನಿ ಹೋಗಿ ಬಂದು ತನಗೆ ತಾನೇ ಕೂಡಿಕೊಳ್ಳುವ ಕೆಲವು ಆವರ್ತನಗಳಿರುತ್ತವೆ. ಲೆಕ್ಕ ಸುಲಭ: ದನಿಯ ವೇಗವನ್ನು ಗೋಡೆಯ ಅಂತರದ ಎರಡರಷ್ಟರಿಂದ ಭಾಗಿಸಿ. 17 ಅಡಿಗೆ 33 ಹರ್ಟ್ಜ್, ಆಮೇಲೆ ಅದರ ಮಡಿಗಳು 66, 99. 12 ಅಡಿಗೆ 47 ಮತ್ತು 94. ಈ 94 ಮತ್ತು 99 ಒಂದರ ಪಕ್ಕ ಒಂದು ಕೂತಿವೆ. ಡಗ್ಗಾದ ಮೀಂಡು ಆ ಜಾಗ ಹಾದುಹೋದಾಗಲೆಲ್ಲ ಕೋಣೆ ತಾನೂ ಒಂದು ಕೈ ಬಾರಿಸುತ್ತದೆ. ಐದು ಲಕ್ಷದ ಸ್ಪೀಕರಿಟ್ಟರೂ ಅಷ್ಟೆ, ಐವತ್ತು ಲಕ್ಷದ್ದಿಟ್ಟರೂ ಅಷ್ಟೆ. ಇನ್ನು 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಿದ್ದರೆ ಮುಗಿಯಿತು, ಮೂರು ದಿಕ್ಕಿನದೂ 56 ಹರ್ಟ್ಜ್‌ನಲ್ಲೇ ಗುಂಪುಗೂಡುತ್ತದೆ. ಅಂಥ ಕೋಣೆಗೆ ನೆಲದ ಮೇಲೆ ನಿಲ್ಲುವ ದೊಡ್ಡ ಸ್ಪೀಕರ್ ಮಾರುವುದು ಹೊಟ್ಟೆ ಉಬ್ಬರದವನಿಗೆ ಹಲಸಿನಹಣ್ಣು ಮಾರಿದ ಹಾಗೆ. ಅಂಗಡಿಯಲ್ಲಿ ಯಾರೂ ಮಾವನ ಕೋಣೆಯ ಅಳತೆ ಕೇಳಲಿಲ್ಲ. ಕೇಳಿದ್ದು ಬಜೆಟ್.

1895ರಲ್ಲಿ ಹಾರ್ವರ್ಡ್‌ನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೋಣೆಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಒಂದು ಪದ ಹೇಳಿದರೆ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಕೋಣೆಯಲ್ಲೇ ಸುತ್ತುತ್ತಿತ್ತು. ಸರಿಪಡಿಸುವ ಕೆಲಸ ವ್ಯಾಲೇಸ್ ಸಬೀನ್ ಎಂಬ ಕಿರಿಯ ಅಧ್ಯಾಪಕನ ಪಾಲಿಗೆ ಬಂತು. ಅವನಿಗಾಗ 27, ಹೆಚ್ಚುಕಡಿಮೆ ನನ್ನ ವಯಸ್ಸು. (ಅವನು ಕೊನೆಯವರೆಗೂ ಪಿಎಚ್.ಡಿ. ಮಾಡಲಿಲ್ಲ ಎಂಬುದನ್ನು ನನ್ನ ಗೈಡಿಗೆ ಇನ್ನೂ ಹೇಳಿಲ್ಲ.) ರಾತ್ರಿ ಊರು ಸದ್ದಡಗಿದ ಮೇಲೆ ಸ್ಯಾಂಡರ್ಸ್ ಥಿಯೇಟರಿನ ಆಸನದ ಮೆತ್ತೆಗಳನ್ನು ಹೊತ್ತು ತಂದು ಕೋಣೆಯಲ್ಲಿ ಹರವುವುದು, ಆರ್ಗನ್ ಕೊಳವೆಯೊಂದನ್ನು ಊದಿಸಿ ನಿಲ್ಲಿಸುವುದು, ದನಿ ಸಾಯುವವರೆಗೆ ಗಡಿಯಾರ ಹಿಡಿದು ಕೂರುವುದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸು ಹೊತ್ತೊಯ್ಯುವುದು. ಕೋಣೆಯ ಧ್ವನಿವಿಜ್ಞಾನ ಹುಟ್ಟಿದ್ದು ಮೆತ್ತೆ ಹೊರುವ ಕೂಲಿಯಿಂದ. ನೂರಿಪ್ಪತ್ತು ಚಿಲ್ಲರೆ ವರ್ಷದ ಮೇಲೂ ನಮ್ಮವರು ಮೆತ್ತೆ ಬಿಟ್ಟು ಪೆಟ್ಟಿಗೆ ಬದಲಿಸುತ್ತಿದ್ದಾರೆ.

ದಸರಾ ರಜೆಯಲ್ಲಿ ನಾನೂ ಕೂಲಿ ಮಾಡಿದೆ. ಮೂಲೆಗೆ ಒತ್ತಿಟ್ಟಿದ್ದ ಸ್ಪೀಕರುಗಳನ್ನು ಗೋಡೆಯಿಂದ ಎರಡೂವರೆ ಅಡಿ ಈಚೆಗೆ ಎಳೆದೆ. ಅತ್ತೆ ಅಟ್ಟದ ಮೇಲಿಟ್ಟಿದ್ದ ನವಲಗುಂದದ ಜಮಖಾನ ನೆಲಕ್ಕೆ ಬಂತು. ಸೋಫಾ ಹಿಂಗೋಡೆಗೆ ಅಂಟಿಕೊಂಡಿತ್ತು, ಅದನ್ನು ಮುಂದಕ್ಕೆ ತಂದು ಹಿಂದೆ ಪುಸ್ತಕದ ಕಪಾಟುಗಳನ್ನು ನಿಲ್ಲಿಸಿದೆ. ಹಳೆಯ ಹತ್ತಿ ಹಾಸಿಗೆಗಳನ್ನು ಸುತ್ತಿ ಎರಡು ಮೂಲೆಗೂ ಇಟ್ಟಾಗ ಅತ್ತೆ ಮಾತ್ರ, "ಇದೇನು ಮದುವೆ ಛತ್ರವೇನೇ?" ಅಂದರು. ಖರ್ಚು ಸೊನ್ನೆ. ಡಗ್ಗಾದ ಗುಂಯ್‌ಗುಡುವಿಕೆ ಅರ್ಧಕ್ಕೂ ಹೆಚ್ಚು ಇಳಿಯಿತು, ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಆ ಎತ್ತರದ 4 ಡೆಸಿಬೆಲ್ ಮಾತ್ರ ಪೆಟ್ಟಿಗೆಯದೇ ಗುಣ, ಅದಕ್ಕೆ ಹಾಸಿಗೆ ಮದ್ದಲ್ಲ. ಆಂಪ್ಲಿಫೈಯರಿನಲ್ಲಿ ಟ್ರೆಬಲ್ ಗುಂಡಿಯಿದ್ದಿದ್ದರೆ ಇಳಿಸಬಹುದಿತ್ತು. ದುಬಾರಿ ಆಂಪ್ಲಿಫೈಯರುಗಳಲ್ಲಿ ಆ ಗುಂಡಿಯನ್ನೇ ತೆಗೆದಿರುತ್ತಾರೆ, ಅದನ್ನು ತಿರುಗಿಸುವುದು ಪಾಮರರ ಲಕ್ಷಣವಂತೆ.

ಹಾಗಾದರೆ ಅಂಗಡಿಗೆ ಏನು ಒಯ್ಯಬೇಕು? ನಿಮ್ಮ ಮನೆಯವರೊಬ್ಬರು ಎರಡು ನಿಮಿಷ ಮಾತಾಡಿದ್ದನ್ನು ಒಳ್ಳೆಯ ಮೈಕಿನಲ್ಲಿ ಹಿಡಿದು ಒಯ್ಯಿರಿ. ಅಮ್ಮನ ದನಿ ಅಮ್ಮನದಾಗಿ ಬರುತ್ತದೋ ಇಲ್ಲವೋ ಎಂದು ಹೇಳಲು ಯಾವ ತಜ್ಞರೂ ಬೇಡ. ಗಂಗೂಬಾಯಿಯವರನ್ನು ಒಯ್ಯಿರಿ. ಗಂಟಲಿನ ಚಿಕಿತ್ಸೆಯ ನಂತರ ಗಡುಸಾದ ಆ ದನಿಯನ್ನು ಎಷ್ಟೋ ಸ್ಪೀಕರುಗಳು ತೆಳ್ಳಗೆ ಮಾಡಿಬಿಡುತ್ತವೆ. ಬರಿಯ ತಂಬೂರಿಯನ್ನು ಒಯ್ಯಿರಿ. ತಂತಿಯನ್ನು ಮೀಟಿದ ಜಾಗದಲ್ಲಿ ಹುಟ್ಟಲೇಬಾರದ ಉಪಸ್ವರಗಳೂ ತಂಬೂರಿಯಲ್ಲಿ ಕೇಳಿಸುತ್ತವೆ, ಅದಕ್ಕೆ ಕಾರಣ ಬಾಗಿದ ಕುದುರೆ ಮತ್ತು ಜೀವಾಳದ ಎಳೆ ಎಂದು ಸಿ.ವಿ. ರಾಮನ್ 1921ರಲ್ಲಿ ಬರೆದರು. ವೂಫರು ಬಿಟ್ಟು ಟ್ವೀಟರು ಹಿಡಿಯುವ ಜಾಗ, ಸಾಮಾನ್ಯವಾಗಿ 2,000ದಿಂದ 3,000 ಹರ್ಟ್ಜ್, ಕಿವಿ ಅತಿ ಚುರುಕಾಗಿರುವ ಪಟ್ಟಿಯ ಹೊಸ್ತಿಲು. ಅಲ್ಲಿ ಹೊಲಿಗೆ ಬಿಟ್ಟಿದ್ದರೆ ತಂಬೂರಿಯ ಝೇಂಕಾರ ಎರಡು ತುಂಡಾಗುತ್ತದೆ. ಒಂದೇ ಸ್ಪೀಕರಿನಲ್ಲಿ ಕೇಳಿಸಿ ಎನ್ನಿ. ಜೋಡಿಯಲ್ಲಿ ಮುಚ್ಚಿಹೋಗುವ ದೋಷ ಒಂಟಿಯಲ್ಲಿ ಎದ್ದು ಕಾಣುತ್ತದೆ, ಇದೂ ಟೂಲ್ ತೋರಿಸಿಕೊಟ್ಟದ್ದೇ. ಒಂದು ವಾರ ಮನೆಗೆ ಕೊಡಿ ಎನ್ನಿ. ಕೊಡುವುದಿಲ್ಲ ಎಂದರೆ ಎದ್ದು ಬನ್ನಿ.

ಅವರ ದುಡ್ಡು, ಅವರ ಸಂತೋಷ, ನಿನಗೇನು ಎಂದು ನನ್ನ ತಮ್ಮನೇ ಕೇಳಿದ. ಸಂತೋಷವಾಗಿದ್ದರೆ ನಾನೇಕೆ ಬರೆಯುತ್ತಿದ್ದೆ? ಒಳ್ಳೆಯ ಸ್ಪೀಕರಿಗೆ ದುಡ್ಡು ಕೊಡುವುದು ತಪ್ಪೆಂದೂ ನಾನು ಹೇಳುತ್ತಿಲ್ಲ. ಗಟ್ಟಿಯಾಗಿ ಕಟ್ಟಿದ ಪೆಟ್ಟಿಗೆ, ನಾಜೂಕಾದ ಕ್ರಾಸ್‌ಓವರ್ ಪುಕ್ಕಟೆ ಬರುವುದಿಲ್ಲ. ನನ್ನ ತಕರಾರು, ನಲವತ್ತು ವರ್ಷ ಹಾಡು ಕೇಳಿ ಹಣ್ಣಾದ ಕಿವಿಯೊಂದಕ್ಕೆ ಅದರ ಮೇಲೆಯೇ ನಂಬಿಕೆ ಹೋಗುವ ಹಾಗೆ ಮಾಡಿದ್ದಕ್ಕೆ. ಅದರಲ್ಲಿ ನನ್ನ ಪಾಲೂ ಇರುವುದಕ್ಕೆ.

ಮೊನ್ನೆ ಮಾವ ಫೋನ್ ಮಾಡಿದ್ದರು. ಅಡುಗೆಮನೆಯ ಹಳೆಯ ಟೇಪ್‌ರೆಕಾರ್ಡರಿನಲ್ಲಿ ಅತ್ತೆ ಯಾವುದೋ ಕ್ಯಾಸೆಟ್ಟು ಹಾಕಿದ್ದರು, ಹಿಂದೆ ಸಣ್ಣಗೆ ಕೇಳುತ್ತಿತ್ತು. ಅಂಗಡಿಯವನು ಹೊಸ ಸ್ಪೀಕರ್ ಕೇಬಲ್ ಬಂದಿದೆ ಅಂದನಂತೆ, ನಲವತ್ತು ಸಾವಿರ, ಹಾಕಿದರೆ ಹಳೇ ರೆಕಾರ್ಡಿಂಗೂ ಮೆತ್ತಗಾಗುತ್ತದಂತೆ. "ಏನಂತೀಯ?" ಅಂದರು. ವೈರಿಂಗ್ ಮಾಡುವವರು ಬಳಸುವ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ ಮಾವ, ನಿಮ್ಮ ಐದು ಮೀಟರಿಗೆ ಅದು ಬೇಕಾದಷ್ಟಾಯಿತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸರಿ, ಯೋಚನೆ ಮಾಡ್ತೀನಿ" ಅಂದರು. ಫೋನಿಡುವ ಮೊದಲು ಒಳಗಿನ ಕಡೆ ತಿರುಗಿ, "ಅದನ್ನ ಸ್ವಲ್ಪ ಜೋರು ಮಾಡೇ" ಎಂದು ಅತ್ತೆಗೆ ಹೇಳಿದ್ದು ಕೇಳಿಸಿತು.