ತಟ್ಟೆಯ ಅಂಚಿಗೊಂದು ನಿಂಬೆ ಹೋಳು

ಮಕ್ಕಳೇ,

ನಿಂಬೆಹಣ್ಣು ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಕೆಲವರಿಗೆ ಉಪ್ಪಿನಕಾಯಿ, ಕೆಲವರಿಗೆ ಬೇಸಿಗೆಯ ಪಾನಕ, ಇನ್ನು ಕೆಲವರಿಗೆ ಲಾರಿಯ ಮುಂದೆ ಮೆಣಸಿನಕಾಯಿ ಜೊತೆ ನೇತಾಡುವ ದೃಷ್ಟಿ ನಿಂಬೆ. ಬಿಸಿಯೂಟದ ತಟ್ಟೆ ನೆನಪಾಯಿತು ಎಂದವರನ್ನು ನಾನು ಕಂಡದ್ದು ಕಡಿಮೆ. ಆದರೆ ನಿಂಬೆ ಇರಬೇಕಾದ ಜಾಗ ಅದೇ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ, ಕೇಳಿ.

ಶಾಲೆಗಳಿಗೆ ಹೋದಾಗ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಯಾರಾದರೊಬ್ಬರು ತಲೆಸುತ್ತಿ ಕುಳಿತುಬಿಡುವುದನ್ನು ನೋಡಿದ್ದೇನೆ. ಹೆಚ್ಚಾಗಿ ಹುಡುಗಿಯರು. ತಿಂಡಿ ತಿನ್ನದೆ ಬಂದಿರುವುದು ಒಂದು ಕಾರಣವಾದರೆ, ರಕ್ತಹೀನತೆ ಇನ್ನೊಂದು ಕಾರಣವಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ ಇದೆ. ಅಂದರೆ ನಿಮ್ಮ ಅಕ್ಕಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ! ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕು. ಅದು ಕಡಿಮೆಯಾದರೆ ಸುಸ್ತು, ಏದುಸಿರು, ಪಾಠದಲ್ಲಿ ನಿರಾಸಕ್ತಿ. ‘ಸೋಮಾರಿ’ ಎಂದು ನಾವು ಬೈಯುವ ಮಗು ನಿಜವಾಗಿ ರಕ್ತ ಕಡಿಮೆಯಿರುವ ಮಗುವಾಗಿರಬಹುದು. ಹಾಗೆ ಬೈದ ತಪ್ಪನ್ನು ನಾನೂ ಮಾಡಿದ್ದೇನೆ.

‘ಹಾಗಾದರೆ ಸೊಪ್ಪು, ಕಾಳು, ರಾಗಿ ತಿಂದರಾಯಿತಲ್ಲ?’ ಎಂದು ನೀವು ಕೇಳಬಹುದು. ಖಂಡಿತ ತಿನ್ನಬೇಕು. ಆದರೆ ಒಂದು ತೊಡಕಿದೆ. ಇವುಗಳಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಕಾಳು, ಧಾನ್ಯಗಳಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟದ ಜೊತೆ ಚಹಾ ಕುಡಿದರಂತೂ ಇನ್ನೂ ಕಷ್ಟ. ನಿಂಬೆ ನೆರವಿಗೆ ಬರುವುದು ಇಲ್ಲಿಯೇ. ಅದರಲ್ಲಿರುವ ‘ಸಿ’ ಜೀವಸತ್ವ ಮತ್ತು ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿ ಇಡುತ್ತವೆ. ಆಗ ಕರುಳು ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಆದರೆ ಎರಡನ್ನೂ ಒಂದೇ ಊಟದಲ್ಲಿ ತಿಂದರೆ ಮಾತ್ರ ಈ ಲಾಭ.

ಇಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಹಿಂದೆ ತಿಂಗಳುಗಟ್ಟಲೆ ಸಮುದ್ರಯಾನ ಮಾಡುತ್ತಿದ್ದ ನಾವಿಕರಿಗೆ ಸ್ಕರ್ವಿ ರೋಗ ಬರುತ್ತಿತ್ತು. ವಸಡುಗಳಿಂದ ರಕ್ತ ಸುರಿದು ಸಾಯುತ್ತಿದ್ದರು. 1747ರಲ್ಲಿ ಬ್ರಿಟನ್ನಿನ ಹಡಗಿನ ವೈದ್ಯ ಜೇಮ್ಸ್ ಲಿಂಡ್ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದೊಂದು ಬಗೆಯ ಚಿಕಿತ್ಸೆ ಕೊಟ್ಟರು. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಎಂಥ ಸೊಗಸಾದ ಪ್ರಯೋಗ! ಆದರೆ ರಸ ಬಹುಕಾಲ ಕೆಡದಿರಲೆಂದು ಅದನ್ನು ಕಾಯಿಸಿ ಗಟ್ಟಿ ಮಾಡಿಡುವಂತೆ ಮುಂದೆ ಲಿಂಡ್ ಅವರೇ ಸಲಹೆ ಕೊಟ್ಟರು. ಕಾಯಿಸಿದ ರಸ ಅಷ್ಟಾಗಿ ಗುಣ ಕೊಡಲಿಲ್ಲ. ಶಾಖಕ್ಕೆ ‘ಸಿ’ ಜೀವಸತ್ವ ಹಾಳಾಗುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಇಂದು ನಮಗೆ ತಿಳಿದಿದೆ. ಆದರೂ ಒಲೆಯ ಮೇಲೆ ಕುದಿಯುವ ಪಾತ್ರೆಗೇ ನಿಂಬೆ ಹಿಂಡುತ್ತೇವೆ! ಹಿಂಡಬೇಕಾದುದು ಬಡಿಸಿದ ಮೇಲೆ, ತಟ್ಟೆಗೆ.

‘ಹುಳಿ ತಿಂದರೆ ನೆಗಡಿಯಾಗುತ್ತದೆ’ ಎಂದು ಮನೆಯಲ್ಲಿ ಹಿರಿಯರು ಹೇಳುವುದುಂಟು. ನೆಗಡಿ ಬರುವುದು ವೈರಸ್‌ಗಳಿಂದ, ನಿಂಬೆಯಿಂದಲ್ಲ. ಹಾಗೆಂದು ನಿಂಬೆ ತಿಂದವರಿಗೆ ನೆಗಡಿಯೇ ಬಾರದು ಎಂಬುದೂ ಸುಳ್ಳು. ನಿಂಬೆ ಔಷಧಿಯೂ ಅಲ್ಲ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ತಪ್ಪಿಸಬೇಡಿ. ತಲೆಸುತ್ತು ಪದೇ ಪದೇ ಬಂದರೆ ಗುರುಗಳಿಗೆ ಹೇಳಿ, ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ನಿಂಬೆ, ಕಿತ್ತಳೆ, ಮೂಸಂಬಿ, ಚಕ್ಕೋತ, ಹೇರಳೆ ಎಲ್ಲವೂ ಒಂದೇ ಕುಲದ ಹಣ್ಣುಗಳು. ನಮ್ಮ ನಾಡು ಇವುಗಳಿಗೆ ಹೆಸರುವಾಸಿ. ಕೊಡಗಿನ ಕಿತ್ತಳೆ, ದೇವನಹಳ್ಳಿಯ ಚಕ್ಕೋತ, ವಿಜಯಪುರ ಜಿಲ್ಲೆಯ ಇಂಡಿಯ ಲಿಂಬೆ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಒಂದು ಹೋಳು ನಿಂಬೆಗಿಂತ ಇಡೀ ಕಿತ್ತಳೆಯಲ್ಲಿ ‘ಸಿ’ ಜೀವಸತ್ವ ಹೆಚ್ಚು ಸಿಗುತ್ತದೆ, ನಿಜ. ಈ ಕುಲಕ್ಕೆ ಸೇರದ ಸೀಬೆ, ನೆಲ್ಲಿಕಾಯಿಗಳಲ್ಲಿ ಇನ್ನೂ ಹೆಚ್ಚು. ಸಿಕ್ಕಾಗ ಅವನ್ನೂ ತಿನ್ನಿ. ಆದರೆ ನಿತ್ಯದ ಊಟಕ್ಕೆ ಹೊಂದುವುದು ನಿಂಬೆಯೇ.

ಬೇಸಿಗೆಯಲ್ಲಿ ನಿಂಬೆಯ ಬೆಲೆ ಏರುತ್ತದೆ, ದಿನವೂ ಕೊಳ್ಳುವುದು ಹೇಗೆ? ಕೊಳ್ಳುವುದೇಕೆ, ಬೆಳೆಯೋಣ. ಪ್ರತಿ ಶಾಲೆಯ ಕೈತೋಟದಲ್ಲೂ ಎರಡು ನಿಂಬೆ ಗಿಡ ಇರಲೇಬೇಕು ಎನ್ನುತ್ತೇನೆ ನಾನು. ಬಿಸಿಲು ಬೀಳುವ, ನೀರು ನಿಲ್ಲದ ಜಾಗ ನೋಡಿ ಈ ಮಳೆಗಾಲದಲ್ಲೇ ನೆಡಿ. ಫಸಲಿಗೆ ಮೂರು-ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ನಿಮ್ಮಲ್ಲಿ ಹಲವರು ಹೈಸ್ಕೂಲಿಗೆ ಹೋಗಿರುತ್ತೀರಿ. ಚಿಂತೆಯಿಲ್ಲ. ಈಗ ಒಂದನೇ ತರಗತಿಯಲ್ಲಿರುವ ನಿಮ್ಮ ತಮ್ಮ, ತಂಗಿಯರು ಅದೇ ಗಿಡದ ಹಣ್ಣನ್ನು ತಮ್ಮ ತಟ್ಟೆಗೆ ಹಿಂಡಿಕೊಳ್ಳುತ್ತಾರೆ.

ಏನಂತೀರಿ, ಗುಂಡಿ ತೋಡೋಣವೇ?