ಸೋತವರು ಗಳಿಸಿದ್ದೇನು?

"ಸೋತವರ ಕಥೆಯನ್ನು ನಾವೇಕೆ ಓದಬೇಕು, ಗುರುಗಳೇ?" ಬಹಳ ವರ್ಷಗಳ ಹಿಂದೆ, ಕಿತ್ತೂರಿನ ಪಾಠ ಮುಗಿದಾಗ ಹುಡುಗನೊಬ್ಬ ಎದ್ದುನಿಂತು ಹೀಗೆ ಕೇಳಿದ. ಅಂದು ನಾನಿತ್ತ ಉತ್ತರ ನನಗೇ ತೃಪ್ತಿ ತರಲಿಲ್ಲ. ಇಂತಹ ಪ್ರಶ್ನೆಯನ್ನು ಗದರಿಸಿ ಕೂರಿಸುವುದು ಸುಲಭ; ಉತ್ತರಿಸುವುದು ಕಷ್ಟ.

ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಸಾಯುವ ಮುನ್ನ ಅವನು ಮಾಡಿಕೊಂಡಿದ್ದ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಆದರೆ ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಅಸುನೀಗಿದಳು. ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ನೇಣಿಗೇರಿಸಿದರು. ಮುಂದೆ ಅದೇ ದತ್ತಕದ ಪ್ರಶ್ನೆ ನರಗುಂದದಲ್ಲಿಯೂ ತಲೆದೋರಿತು. ಅನುಮತಿ ದೊರೆಯದ ಭಾಸ್ಕರರಾವ್ ಭಾವೆ 1858ರಲ್ಲಿ ದಂಗೆಯೆದ್ದು, ಬೆಳಗಾವಿಯಲ್ಲಿ ಗಲ್ಲಿಗೇರಿದನು.

ಇಷ್ಟನ್ನೇ ನೋಡಿದರೆ ಹುಡುಗನ ಸಂದೇಹ ಸಹಜವೇ ಸರಿ. ಆದರೆ ಕತ್ತಿಯ ಸೋಲು ಕಥೆಯ ಕೊನೆಯಲ್ಲ. 1857ರ ಮಹಾದಂಗೆಯನ್ನು ಅಡಗಿಸಿದ ಬ್ರಿಟಿಷರು ಮರುವರ್ಷವೇ ಕಂಪನಿಯ ಆಳ್ವಿಕೆಯನ್ನು ಕೊನೆಗೊಳಿಸಿದರು. ದೇಶೀಯ ಸಂಸ್ಥಾನಗಳನ್ನು ಕಬಳಿಸುವ ನೀತಿಯನ್ನು ಕೈಬಿಟ್ಟು, ದತ್ತಕದ ಹಕ್ಕನ್ನು ಒಪ್ಪಿಕೊಂಡರು. 1831ರಲ್ಲಿ ಅವರು ತಮ್ಮ ಕೈಗೆ ತೆಗೆದುಕೊಂಡಿದ್ದ ಮೈಸೂರಿನ ಆಡಳಿತವು 1881ರಲ್ಲಿ ಮರಳಿ ಬಂದುದು ದತ್ತುಪುತ್ರನಾದ ಚಾಮರಾಜೇಂದ್ರ ಒಡೆಯರಿಗೆ! ಕಿತ್ತೂರು ಕೇಳಿ ಪಡೆಯದೆ ಹೋದುದು ಮೈಸೂರಿಗೆ ದಕ್ಕಿತು.

ಆದರೆ ಈ ಫಲ ಸೇರಿದ್ದು ಅರಮನೆಗಳನ್ನು, ಗುಡಿಸಲುಗಳನ್ನಲ್ಲ. ಮುಧೋಳದ ಬಳಿಯ ಹಲಗಲಿಯನ್ನು ನೆನೆಯಿರಿ. 1857ರಲ್ಲಿ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ಬಂದಾಗ ಅಲ್ಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬಾಳಾಗಿದ್ದವರಿಗೆ ಆಯುಧವು ಅನ್ನವೂ ಹೌದು, ಮಾನವೂ ಹೌದು. ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. 1878ರಲ್ಲಿ ಶಸ್ತ್ರ ಕಾಯಿದೆ ಇನ್ನಷ್ಟು ಬಿಗಿಯಾಯಿತು. ದಂಗೆಗಳಿಂದ ಆಳುವವರು ಕಲಿತ ಪಾಠ ಇದು: ಅರಸರನ್ನು ಒಲಿಸಿಕೊಳ್ಳಬೇಕು, ಪ್ರಜೆಗಳನ್ನು ನಿರಾಯುಧರನ್ನಾಗಿಸಬೇಕು.

ಪ್ರಜೆಗಳೂ ಒಂದು ಪಾಠವನ್ನು ಕಲಿತರು. ಆಯುಧವನ್ನು ಕಳೆದುಕೊಂಡ ನಾಡು ಆಯುಧವಿಲ್ಲದೆ ಹೋರಾಡುವ ಬಗೆಯನ್ನು ಕಂಡುಕೊಂಡಿತು. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾನೂನನ್ನು ಮುರಿದವರ ಕೈಯಲ್ಲಿ ಕತ್ತಿಯಿರಲಿಲ್ಲ, ಬಂದೂಕವಿರಲಿಲ್ಲ. ಅಲ್ಲಿ ಅರಸನೂ ಇರಲಿಲ್ಲ, ಜನರೇ ಇದ್ದರು.

ಹಲಗಲಿಯ ಬೇಡರಿಗೆ ರಾಜ್ಯ ದೊರೆಯಲಿಲ್ಲ, ಪರಿಹಾರ ದೊರೆಯಲಿಲ್ಲ. ಅವರ ಹೆಸರನ್ನು ಉಳಿಸಿದುದು ಲಾವಣಿಕಾರರ ಕಂಠ. ಬಂಡಾಯವನ್ನು ಗೆಲವು ಸೋಲುಗಳ ತಕ್ಕಡಿಯಲ್ಲಿ ಮಾತ್ರ ತೂಗಬಾರದು. ಅದರ ಬೆಲೆಯನ್ನು ತೆತ್ತವರು ಯಾರು, ಫಲವನ್ನು ಉಂಡವರು ಯಾರು ಎಂಬುದನ್ನೂ ಕೇಳಬೇಕು. ಆ ಹುಡುಗ ಇಂದು ಎದುರಿಗೆ ಬಂದರೆ ಹೇಳುವೆ: "ಸೋತವರ ಕಥೆಯನ್ನು ಓದು, ಮಗು. ನಾವು ಉಣ್ಣುತ್ತಿರುವುದು ಅವರು ಬಿತ್ತಿದ ಬೆಳೆಯನ್ನು."